ಸ್ವವಿದ್ಯೆಯೂ ಅಂತರ್ಜಾಲದ ಸಂಪಾದನೆಯೂ

ಗೃಹಸ್ಥನಿಗೆ ಅರ್ಥವೂ ಒಂದು ಪುರುಷಾರ್ಥವೆಂದು ನಮ್ಮ ಹಿರಿಯರು ಒಪ್ಪಿರುವರು. ಧರ್ಮವನ್ನು ಮೀರದೆ ಗಳಿಸಿದ ಹಣವು ನಿಂದ್ಯವಲ್ಲ. ಮನೆಯಲ್ಲಿಯೇ ಕುಳಿತು, ಅಂತರ್ಜಾಲದ ಮೂಲಕ ದೂರದವರಿಗೆ ಕೆಲಸಮಾಡಿಕೊಟ್ಟು ಸಂಪಾದಿಸುವ ಮಾರ್ಗವೊಂದು ಈಗ ತೆರೆದಿರುವುದನ್ನು ವಾಚಕರು ಕೇಳಿಯೇ ಇರುವರು. ಕೆಲವರು ಇದನ್ನು ಕಲ್ಪವೃಕ್ಷವೆಂದು ನಂಬಿ ಇದ್ದ ಗಂಟನ್ನೂ ಕಳೆದುಕೊಳ್ಳುತ್ತಾರೆ. ಮತ್ತೆ ಕೆಲವರು ಇದೆಲ್ಲವೂ ಇಂದ್ರಜಾಲವೆಂದು ಭಾವಿಸಿ, ಕೈಯಲ್ಲಿ ವಿದ್ಯೆಯಿದ್ದೂ ಸುಮ್ಮನಿರುತ್ತಾರೆ. ಅಂತರ್ಜಾಲವೆಂಬುದು ಒಂದು ದೊಡ್ಡ ಸಂತೆಯ ಬೀದಿ. ಬೀದಿಯು ತಾನಾಗಿ ಯಾರಿಗೂ ಹಣ ಕೊಡುವುದಿಲ್ಲ. ಅಲ್ಲಿಗೆ ಒಯ್ದ ಸರಕಿಗೆ ಬೆಲೆ ಬರುತ್ತದೆ. ಆದುದರಿಂದ ನಮ್ಮಲ್ಲಿರುವ ಸರಕು ಯಾವುದೆಂಬುದನ್ನೇ ಮೊದಲು ವಿಚಾರಿಸತಕ್ಕದ್ದು.

ಮೊದಲನೆಯದು ಬೋಧನೆ. ಅಮೆರಿಕ, ಇಂಗ್ಲೆಂಡು, ಸಿಂಗಪುರ ಮುಂತಾದ ಕಡೆಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳು ಮನೆಮಾತನ್ನು ಆಡಬಲ್ಲವರಾದರೂ ಅಕ್ಷರಗಳನ್ನು ಅರಿಯದೆ ಬೆಳೆಯುವುದುಂಟು. ಅಂತಹ ಮಕ್ಕಳಿಗೆ ಕಾಗುಣಿತ, ಸಂಗೀತ, ಸಂಸ್ಕೃತದ ಮೊದಲ ಪಾಠಗಳು ಇವುಗಳನ್ನು ಝೂಮ್ ಅಥವಾ ಗೂಗಲ್ ಮೀಟ್ ಎಂಬ ಸಾಧನಗಳ ಮೂಲಕ ಮುಖಾಮುಖಿಯಾಗಿ ಕಲಿಸಬಹುದು. ಇಲ್ಲಿ ಕಾಲಗಣನೆಯು ಮುಖ್ಯ. ನ್ಯೂಯಾರ್ಕ್ ನಗರವು ಬೇಸಿಗೆಯಲ್ಲಿ ನಮಗಿಂತ 9½ ಗಂಟೆ, ಚಳಿಗಾಲದಲ್ಲಿ 10½ ಗಂಟೆ ಹಿಂದಿರುತ್ತದೆ. ಅಲ್ಲಿಯವರು ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ, ನವೆಂಬರ್ ತಿಂಗಳ ಮೊದಲನೆಯ ಭಾನುವಾರ ಒಂದು ಗಂಟೆ ಹಿಂದಕ್ಕೂ ತಿರುಗಿಸುತ್ತಾರೆ. ಅಲ್ಲಿಯ ಶನಿವಾರ ಸಂಜೆ 7 ಗಂಟೆಯ ಪಾಠಕ್ಕೆ ಇಲ್ಲಿಯ ಗುರುವು ಭಾನುವಾರ ಬೆಳಗಿನ ಜಾವ 4½ ಅಥವಾ 5½ ಗಂಟೆಗೆ ಸಿದ್ಧನಾಗಿರಬೇಕು. ಬ್ರಾಹ್ಮೀ ಮುಹೂರ್ತದಲ್ಲಿ ಏಳುವ ಅಭ್ಯಾಸವುಳ್ಳ ಹಿರಿಯರಿಗೆ ಇದು ಅನುಕೂಲವೇ ಸರಿ.

ಆದರೆ ಬಲ್ಲವರೆಲ್ಲರೂ ಕಲಿಸಬಲ್ಲವರಲ್ಲ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚೆಂದು ವಾದಿಸುವಾಗ, ಅವರ ಶಿಷ್ಯೆಯರ ಪ್ರಯೋಗವನ್ನು ನೋಡಿ ನಿರ್ಣಯಿಸಬೇಕೆಂದಾಗುತ್ತದೆ. ದೂರಬೋಧನೆಗೂ ಇದೇ ಒರೆಗಲ್ಲು. ನೆರೆಮನೆಯ ಒಂದು ಮಗುವಿಗೆ ತಿಂಗಳ ಕಾಲ ಕಲಿಸಿ, ಅದು ಎಷ್ಟು ಕಲಿತಿತೆಂದು ನೋಡಿಕೊಂಡು ಅನಂತರ ಸಂತೆಗೆ ಇಳಿಯುವುದು ಯುಕ್ತ.

ಎರಡನೆಯದು ಅಕ್ಷರದ ಕೆಲಸ. ಕರಡಚ್ಚು ತಿದ್ದುವುದು, ಹಳೆಯ ಹಸ್ತಪ್ರತಿಯನ್ನು ಬೆರಳಚ್ಚು ಮಾಡುವುದು, ಅನುವಾದ ಇವು ಇದರಲ್ಲಿ ಸೇರುತ್ತವೆ. ಗೂಗಲ್ ಸಂಸ್ಥೆಯ ಅನುವಾದಯಂತ್ರದಲ್ಲಿ ಕನ್ನಡವು 2011ರಲ್ಲಿಯೇ ಸೇರಿತು. ಈಗಿನ ಯಂತ್ರಗಳು ಪುಟಗಟ್ಟಲೆ ಬರಹವನ್ನು ಕ್ಷಣಮಾತ್ರದಲ್ಲಿ ಭಾಷಾಂತರಿಸುತ್ತವೆ. ಯಂತ್ರವು ಮಾಡುವ ಕೆಲಸಕ್ಕೆ ಯಾರೂ ಹೆಚ್ಚು ಹಣ ಕೊಡರು. ಆದರೆ ವಿಭಕ್ತಿ ತಪ್ಪಿದುದನ್ನೂ, ಮಹಾಪ್ರಾಣ ಬಿಟ್ಟುಹೋದುದನ್ನೂ, ಅರ್ಥವು ತಲೆಕೆಳಗಾದುದನ್ನೂ ಕಂಡುಹಿಡಿಯುವ ಕಣ್ಣು ವ್ಯಾಕರಣ ಬಲ್ಲವನಿಗೇ ಇರುತ್ತದೆ. ಅಂತಹವನು ತಾನು ತಿದ್ದಿದ ಎರಡು ಪುಟಗಳನ್ನು, ತಿದ್ದುವ ಮೊದಲಿನ ರೂಪದೊಡನೆ, ಮಾದರಿಯಾಗಿ ಇಟ್ಟುಕೊಂಡಿರಬೇಕು. ಹತ್ತು ಪ್ರಶಸ್ತಿಪತ್ರಗಳಿಗಿಂತ ಅವೇ ಹೆಚ್ಚು ಮಾತನಾಡುತ್ತವೆ.

ಮೂರನೆಯದು ಕೈಗೆಲಸ. ಧಾರವಾಡದ ಸೀಮೆಯ ಕಸೂತಿಯನ್ನು ಬಲ್ಲ ಗೃಹಿಣಿಯರು ಈಗಲೂ ಇರುವರು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಮೊದಲಿನ ಎರಡು ಬಟ್ಟೆಯ ಎರಡು ಬದಿಗಳಲ್ಲಿಯೂ ಒಂದೇ ರೀತಿ ಕಾಣುವುವು. ಆದುದರಿಂದ ಮಾರುವಾಗ ಬಟ್ಟೆಯ ಹಿಂಬದಿಯ ಚಿತ್ರವನ್ನೂ ತೆಗೆದು ತೋರಿಸುವುದು ಜಾಣತನ. ಕೊಳ್ಳುವವರಿಗೆ ಕೆಲಸದ ಶುದ್ಧಿಯು ಅದರಿಂದಲೇ ತಿಳಿಯುತ್ತದೆ. ಉಪ್ಪಿನಕಾಯಿ, ಚಟ್ನಿಪುಡಿ, ಹಪ್ಪಳ ಮೊದಲಾದ ತಿನಿಸುಗಳನ್ನು ಮಾರುವವರು 2006ರ ಆಹಾರ ಸುರಕ್ಷತಾ ಕಾನೂನಿನಂತೆ ಹೆಸರು ನೋಂದಾಯಿಸಿ, 14 ಅಂಕಿಗಳ ಸಂಖ್ಯೆಯನ್ನು ಪಡೆದಿರಬೇಕು. ಮನೆಯಲ್ಲಿ ಮಾಡಿದುದೆಂಬ ಕಾರಣದಿಂದ ವಿನಾಯಿತಿಯಿಲ್ಲ.

ಇನ್ನು ಬೆಲೆಯ ವಿಚಾರ. ವಿದ್ಯೆಗೆ ಹಣ ಕೇಳುವುದು ಹೇಗೆಂದು ಸಂಕೋಚಪಡುವವರು ನಮ್ಮಲ್ಲಿ ಬಹಳ. ಮೇಲೆ ಹೇಳಿದ ನಾಟ್ಯಾಚಾರ್ಯರೂ ಅರಮನೆಯ ವೇತನವನ್ನು ಪಡೆಯುತ್ತಿದ್ದವರೇ. ಶಕ್ತರಿಂದ ನ್ಯಾಯವಾದ ಸಂಭಾವನೆ ಪಡೆದರೆ, ಬೀದಿಯ ಬಡ ಮಗುವಿಗೆ ಧರ್ಮಾರ್ಥವಾಗಿ ಕಲಿಸಲು ಅವಕಾಶವಾಗುತ್ತದೆ. ಲೆಕ್ಕವನ್ನು ಮಾತ್ರ ಸರಿಯಾಗಿ ಹಾಕಬೇಕು. ತಿಂಗಳಿಗೆ 8 ಪಾಠಗಳು, ಪ್ರತಿ ಪಾಠಕ್ಕೆ 45 ನಿಮಿಷ ಎಂದರೆ 6 ತಾಸು ಎಂದು ತೋರುತ್ತದೆ. ಪ್ರತಿ ಪಾಠದ ಸಿದ್ಧತೆಗೆ ಅರ್ಧ ತಾಸು ಸೇರಿಸಿದರೆ ಅದು 10 ತಾಸಾಗುತ್ತದೆ. ತಾಸಿಗೆ 300 ರೂಪಾಯಿ ಬೇಕೆನ್ನುವವನು 1,800 ರೂಪಾಯಿಗೆ ಒಪ್ಪಿದರೆ ತಿಂಗಳಿಗೆ 1,200 ರೂಪಾಯಿಗಳನ್ನು ತಾನೇ ಬಿಟ್ಟುಕೊಟ್ಟಂತೆ. ಕೆಲಸವೇನು, ಎಂದಿಗೆ ಮುಗಿಯಬೇಕು, ಹಣವೆಷ್ಟು ಎಂಬ ಮೂರನ್ನೂ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ಬಂದ ವರಮಾನವನ್ನು ಪುಸ್ತಕದಲ್ಲಿ ಬರೆದಿಟ್ಟು, ಆದಾಯ ತೆರಿಗೆಯ ವಾರ್ಷಿಕ ಲೆಕ್ಕದಲ್ಲಿ ತೋರಿಸತಕ್ಕದ್ದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಈ ಬೀದಿಯಲ್ಲಿ ಕಳ್ಳರು ಹೇರಳವಾಗಿರುವರು. ಅವರ ಕಣ್ಣು ನಿವೃತ್ತರ ಗಂಟಿನ ಮೇಲೂ, ಗೃಹಿಣಿಯರ ಉಳಿತಾಯದ ಮೇಲೂ ಇರುತ್ತದೆ. ಅವರ ತಂತ್ರಗಳು ಮುಖ್ಯವಾಗಿ ಮೂರು. ಚಲನಚಿತ್ರದ ತುಣುಕುಗಳನ್ನು ಮೆಚ್ಚಿದರೆ ಹಣ ಕೊಡುವೆವೆಂದು ಹೇಳಿ, ಮೊದಲು ನೂರಿನ್ನೂರು ರೂಪಾಯಿ ಕೊಟ್ಟು ನಂಬಿಸಿ, ಅನಂತರ ದೊಡ್ಡ ಮೊತ್ತವನ್ನು ಕಟ್ಟಿಸಿಕೊಳ್ಳುವುದು ಒಂದು. ಬೆರಳಚ್ಚಿನ ಕೆಲಸವಿದೆಯೆಂದು ಮುಂಗಡ ಶುಲ್ಕ ಪಡೆದು, ತಪ್ಪುಗಳಿವೆಯೆಂದು ನೆಪ ಹೇಳಿ, ಕೋರ್ಟಿನ ಹೆಸರಿನಲ್ಲಿ ಬೆದರಿಸುವುದು ಇನ್ನೊಂದು. ನಿಮ್ಮ ಬ್ಯಾಂಕಿನ ಖಾತೆಯನ್ನು ಬಾಡಿಗೆಗೆ ಕೊಡಿರೆಂದು ಕೇಳುವುದು ಮೂರನೆಯದು. ಅದರಲ್ಲಿ ಹರಿಯುವುದು ಕಳವಿನ ಹಣ, ಪೊಲೀಸರು ಬಂದು ನಿಲ್ಲುವುದು ಖಾತೆದಾರನ ಬಾಗಿಲಲ್ಲಿ.

ಇವಕ್ಕೆಲ್ಲ ಒಂದೇ ಸೂತ್ರವನ್ನು ನೆನಪಿಡಬಹುದು: ಕೆಲಸ ಮಾಡುವವನು ಹಣ ಪಡೆಯುತ್ತಾನೆ, ಕೊಡುವುದಿಲ್ಲ. ಕೆಲಸ ಕೊಡಲು ಹಣ ಕೇಳುವವನು ಯಜಮಾನನೇ ಅಲ್ಲ. 2016ರಲ್ಲಿ ಬಂದ ಯು.ಪಿ.ಐ. ಪದ್ಧತಿಯಲ್ಲಿ ಹಣ ಪಡೆಯಲು ಗುಪ್ತಸಂಖ್ಯೆಯನ್ನು ಒತ್ತಬೇಕಾದುದೇ ಇಲ್ಲ. ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಮೋಸವಾದುದು ತಿಳಿದ ಕೂಡಲೆ ನಾಚಿಕೆಯಿಂದ ಮುಚ್ಚಿಡದೆ, 1930 ಎಂಬ ಸಂಖ್ಯೆಗೆ ದೂರವಾಣಿ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ತಡಮಾಡಿದಷ್ಟೂ ಹಣವು ಕೈಯಿಂದ ಕೈಗೆ ದಾಟಿ ದೂರವಾಗುತ್ತದೆ.

ಮೊದಲ ವರ್ಷದಲ್ಲಿ ಈ ಸಂಪಾದನೆಯಿಂದ ಸಂಸಾರವು ನಡೆದೀತೆಂದು ಯಾರೂ ಎಣಿಸಬಾರದು. ಔಷಧಿಯ ಖರ್ಚು, ಮೊಮ್ಮಗಳ ಶಾಲೆಯ ಶುಲ್ಕ, ತನಗೆ ಬೇಕಾದ ಪುಸ್ತಕ ಇಷ್ಟು ಹುಟ್ಟಿದರೆ ಅದೇ ಲಾಭ. ಮಕ್ಕಳ ಮುಂದೆ ಕೈಚಾಚದೆ ಇವನ್ನು ತಾವೇ ಕೊಳ್ಳುವ ಹಿರಿಯರಿಗೂ ಗೃಹಿಣಿಯರಿಗೂ ಆ ಹಣದ ಬೆಲೆ ಏನೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಈ ವಾರ ಒಂದು ಕಾಗದದ ಮೇಲೆ ತಮಗೆ ಬರುವ ಕೆಲಸಗಳನ್ನು ಬರೆಯಿರಿ. ನೆರೆಹೊರೆಯವರು ಯಾವುದಕ್ಕಾಗಿ ನಿಮ್ಮನ್ನು ಹುಡುಕಿಕೊಂಡು ಬರುವರೋ ಅದರ ಕೆಳಗೆ ಗೆರೆಯೆಳೆಯಿರಿ. ಅಲ್ಲಿಂದ ಪ್ರಾರಂಭಿಸತಕ್ಕದ್ದು.