ಗುಬ್ಬಿಯ ದಾರಿ ಕಡಲಿಗೆ ಮುಟ್ಟುವವರೆಗೆ

ತುಮಕೂರಿನಿಂದ ಗುಬ್ಬಿಯ ಕಡೆಗೆ ಹೊರಡುವ ರಸ್ತೆ ಎಲ್ಲಿ ಮುಗಿಯುತ್ತದೆ ಎಂದು ನಮ್ಮ ಊರಿನವರನ್ನು ಕೇಳಿದರೆ ಹೆಚ್ಚಿನವರು ತಿಪಟೂರು ಎನ್ನುವರು, ಕೆಲವರು ಅರಸೀಕೆರೆ ಎನ್ನುವರು. ಹಿಂದೆ 206ನೆಯ ರಾಷ್ಟ್ರೀಯ ಹೆದ್ದಾರಿ ಎನಿಸಿಕೊಂಡಿದ್ದ ಈ ಮಾರ್ಗವು ಕಡೂರು, ತರೀಕೆರೆ, ಶಿವಮೊಗ್ಗ, ಸಾಗರಗಳನ್ನು ಹಾದು, ಘಟ್ಟವಿಳಿದು, 350 ಕಿ.ಮೀ.ಗೂ ಮಿಕ್ಕಿ ನಡೆದು ಹೊನ್ನಾವರದಲ್ಲಿ ಕಡಲನ್ನು ಮುಟ್ಟುತ್ತದೆ. ಅರುವತ್ತು ದಾಟಿದ ನಾವು ಈ ದಾರಿಯನ್ನು ಕೊನೆಯವರೆಗೆ ನೋಡಿದುದು ಕಳೆದ ಶರದೃತುವಿನಲ್ಲಿ, ಅದೂ ಮನೆಯವರ ಒಂದು ಮಾತಿನಿಂದ.

ಶ್ರಾವಣ ಮಾಸದ ಪ್ರವಚನಗಳಲ್ಲಿ ಕೆಳದಿಯ ಚೆನ್ನಮ್ಮಾಜಿಯ ಕಥೆಯನ್ನು ನಾವು ಎಷ್ಟು ಊರುಗಳಲ್ಲಿ ಹೇಳಿದ್ದೇವೆಯೋ ಲೆಕ್ಕವಿಲ್ಲ. ಔರಂಗಜೇಬನ ಸೈನ್ಯಕ್ಕೆ ಅಂಜದೆ ಶಿವಾಜಿಯ ಮಗ ರಾಜಾರಾಮನಿಗೆ 1689ರಲ್ಲಿ ಆಶ್ರಯವಿತ್ತ ಆ ತಾಯಿಯ ಪ್ರಸಂಗ ಬಂದಾಗ ಸಭೆ ನಿಶ್ಶಬ್ದವಾಗುತ್ತಿತ್ತು. ಕಳೆದ ಶ್ರಾವಣದ ಮಂಗಳದ ರಾತ್ರಿ ಊಟಕ್ಕೆ ಬಡಿಸುತ್ತ ಮನೆಯವರು ಕೇಳಿದರು: "ಇಷ್ಟು ವರ್ಷ ಹೇಳಿದಿರಲ್ಲ, ನೀವು ಕೆಳದಿ ನೋಡಿದ್ದೀರಾ?" ನೋಡಿರಲಿಲ್ಲ. ಪ್ರವಚನಕ್ಕೆಂದು ನಾವು ಊರೂರು ತಿರುಗಿದ ಕಾಲವೆಲ್ಲ ಮನೆ, ಮಕ್ಕಳು, ಅತ್ತೆಯವರ ಸೇವೆ ಎಂದು ಅವರು ಒಳಗೇ ಉಳಿದವರು. ದೂರವೆಂದರೆ ಶಿವಗಂಗೆ, ದೇವರಾಯನದುರ್ಗ, ಕಡಲನ್ನಂತೂ ಕಂಡವರಲ್ಲ. ಆ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿದ್ದುವೆಂಬುದು ನಮಗೆ ತಿಳಿಯಿತು.

ಮಗನು ಬಿಟ್ಟುಹೋದ ಚಿಕ್ಕ ಕಾರಿನಲ್ಲಿ ಭೂಮಿ ಹುಣ್ಣಿಮೆಯ ಹಿಂದಿನ ದಿನ ಬೆಳಗ್ಗೆ ಹೊರಟೆವು. ಪೂಜೆಗೆಂದು ಸಿದ್ಧಗಂಗೆಯ ನೀರನ್ನು ಒಂದು ತಂಬಿಗೆಯಲ್ಲಿ ಮುಚ್ಚಳ ಬಿಗಿದು ಇಟ್ಟುಕೊಂಡರು. ಗುಬ್ಬಿಯಲ್ಲಿ ಚನ್ನಬಸವೇಶ್ವರನಿಗೆ ಕೈಮುಗಿದು ಮುಂದೆ ಸಾಗಿದೆವು. ಗುಬ್ಬಿ ಎಂದೊಡನೆ ಜನರಿಗೆ ನೆನಪಾಗುವುದು ವೀರಣ್ಣನವರ ನಾಟಕ ಕಂಪನಿ. 1884ರಲ್ಲಿ ಆರಂಭವಾದ ಆ ಸಂಘದ ಹೆಸರಿನಲ್ಲಿಯೂ ಈ ಚನ್ನಬಸವೇಶ್ವರನೇ ಇದ್ದಾನೆ. ಆದರೆ 1513ರಲ್ಲಿ 'ಭಾವಚಿಂತಾರತ್ನ'ವನ್ನೂ 1530ರಲ್ಲಿ 'ವೀರಶೈವಾಮೃತ ಪುರಾಣ'ವನ್ನೂ ರಚಿಸಿದ ಮಲ್ಲಣಾರ್ಯನ ಊರೂ ಇದೇ ಎಂಬುದನ್ನು ಅಲ್ಲಿಯ ಹುಡುಗರು ಬಲ್ಲರೋ ಇಲ್ಲವೋ. ತಿಪಟೂರಿನ ತೆಂಗು, ಕಡೂರಿನ ಬಯಲು, ಭದ್ರಾವತಿಯ ಗದ್ದೆಗಳು ಹಿಂದೆ ಸರಿದುವು. ರಾತ್ರಿ ಸಾಗರದಲ್ಲಿ ತಂಗಿದೆವು.

ಹುಣ್ಣಿಮೆಯ ನಸುಕಿನಲ್ಲಿ ಕೆಳದಿಯ ಕಡೆಗೆ ಹೊರಟಾಗ ಗದ್ದೆಗಳಲ್ಲಿ ದೀಪಗಳು ಕಾಣಿಸಿದುವು. ತೆನೆ ತುಂಬಿದ ಭೂಮಿ ಬಸುರಿಯೆಂದು ಭಾವಿಸಿ, ರಾತ್ರಿಯೆಲ್ಲ ಎಚ್ಚರವಿದ್ದು ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಹೊತ್ತು ತಂದು ಆಕೆಗೆ ಬಯಕೆಯ ಊಟ ಬಡಿಸುವ ಹಬ್ಬವದು. ಮನೆಯವರು ಕಾರು ನಿಲ್ಲಿಸಲು ಹೇಳಿ ಬದುವಿನ ಮೇಲೆ ನಿಂತು ನೋಡಿದರು. ಗದ್ದೆಯ ಹೆಂಗಸೊಬ್ಬರು ಬಾಳೆಯೆಲೆಯ ಚೂರಿನಲ್ಲಿ ಕಡುಬು ಕೊಟ್ಟರು. ಜಾತಿ ಯಾವುದು, ಊರು ಯಾವುದು ಎಂದು ಕೊಟ್ಟವರೂ ಕೇಳಲಿಲ್ಲ, ತೆಗೆದುಕೊಂಡವರೂ ಕೇಳಲಿಲ್ಲ.

ಕೆಳದಿಯಲ್ಲಿ ರಾಮೇಶ್ವರ, ವೀರಭದ್ರರ ಗುಡಿಗಳು ಒಂದೇ ಆವರಣದಲ್ಲಿವೆ. ಛಾವಣಿಯ ಗಂಡಭೇರುಂಡವನ್ನು ನೋಡಿ ಹೊರಬಂದು ಕುಳಿತಾಗ, ಚೆನ್ನಮ್ಮಾಜಿ ಪಟ್ಟವೇರಿದ ಅರಮನೆ ಎಲ್ಲಿ ಎಂದು ಮನೆಯವರು ಕೇಳಿದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಲ್ಲನೆ ನಕ್ಕು, "ಅಮ್ಮಾ, ಅವರ ಕಾಲಕ್ಕೆ ರಾಜಧಾನಿ ಇಲ್ಲಿರಲಿಲ್ಲ, ಬಿದನೂರಿಗೆ ಹೋಗಿತ್ತು" ಎಂದರು. ನಾವು ತಲೆ ತಗ್ಗಿಸಿದೆವು. ಕೆಳದಿಯಿಂದ ಇಕ್ಕೇರಿಗೆ, ಬಿಜಾಪುರದವರ ದಾಳಿಯ ನಂತರ 1639ರ ಸುಮಾರಿಗೆ ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿ ಬದಲಾದುದನ್ನು ನಾವು ಓದದವರಲ್ಲ. ಚೆನ್ನಮ್ಮಾಜಿ ಆಳಿದುದು ಅದಾದ ಮೂರು ದಶಕಗಳ ಮೇಲೆ. ಆದರೂ 'ಕೆಳದಿಯ ಅರಮನೆ, ಕೆಳದಿಯ ಸಿಂಹಾಸನ' ಎಂದು ವರ್ಣಿಸುತ್ತ ವರ್ಣಿಸುತ್ತ, ಹೇಳಿದ್ದೇ ನಿಜವೆಂದು ನಮಗೇ ಅನ್ನಿಸಿಹೋಗಿತ್ತು. ವೇದಿಕೆಯ ಮೇಲೆ ಕುಳಿತವನನ್ನು ಯಾರೂ ತಿದ್ದುವುದಿಲ್ಲ. ಇದು ನಮ್ಮ ವೃತ್ತಿಯ ದೊಡ್ಡ ಅಪಾಯ.

ಇಕ್ಕೇರಿಯ ಅಘೋರೇಶ್ವರನ ಗುಡಿಯಲ್ಲಿ ಗರ್ಭಗೃಹದ ಮುಂದಿನ ನೆಲಹಾಸಿನಲ್ಲಿ ಸಾಷ್ಟಾಂಗವೆರಗಿದ ನಾಯಕರ ಆಕೃತಿಗಳಿವೆ. ರಾಜರಾದವರು ತಮ್ಮನ್ನು ಭಕ್ತರ ಕಾಲ್ದೂಳಿಗೆ ಒಡ್ಡಿಕೊಂಡ ಬಗೆ ಅದು. ಮುಂಜಾನೆಯ ಮುಖಭಂಗ ಇನ್ನೂ ಆರದಿದ್ದ ನಮಗೆ ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಲ್ಲುವಂತಾಯಿತು.

ಜೋಗವನ್ನು ಕುರಿತು ಬರೆಯದವರಿಲ್ಲ, ನಾವು ಬರೆಯುವುದಿಲ್ಲ. ಆದರೆ ಮಳೆ ನಿಂತ ಮೇಲಿನ ಆಶ್ವಯುಜದಲ್ಲಿ ಮಂಜು ಹರಿದು 253 ಮೀಟರಿನ ಆ ಪಾತಾಳ ಪೂರ್ತಿ ಕಾಣುವುದೆಂದು ಮಾತ್ರ ಹೇಳಬೇಕು. ಅಲ್ಲಿಂದ ಗೇರುಸೊಪ್ಪೆಯ ಘಟ್ಟ. ತಿರುವಿಗೊಂದು ತಿರುವು, ಒಂದು ಕಡೆ ಶರಾವತಿಯ ಕಣಿವೆ, ಮೇಲೆ ಸಿಂಗಳೀಕಗಳಿರುವ ದಟ್ಟ ಕಾಡು. ಬಯಲುಸೀಮೆಯಲ್ಲಿ ಕಾರು ನಡೆಸಿದ ಕೈಗೆ ಅದು ಪರೀಕ್ಷೆಯೇ. ನಾವು ಎರಡನೆಯ ಗೇರಿನಲ್ಲಿಯೇ ಇಳಿದೆವು. ಹಿಂದಿನ ಲಾರಿಗಳ ಹಾರನ್ನನ್ನು ಶಿವನಾಮವೆಂದು ತಿಳಿದುಕೊಂಡೆವು.

ಮರುದಿನ ಬೆಳಗ್ಗೆ ಹೊನ್ನಾವರದ ಕಾಸರಕೋಡಿನ ಮರಳಿನಲ್ಲಿ ಇಷ್ಟಲಿಂಗ ಪೂಜೆ ಮುಗಿಸಿದೆವು. ಕಡಲೊಳಗಿನ ನಡುಗಡ್ಡೆಯನ್ನು ಅಲ್ಲಿಯವರು ತೋರಿಸಿದರು. ಅದು ಬಸವರಾಜದುರ್ಗ, ಕೆಳದಿಯವರ ಕೋಟೆ. ಶಿವಪ್ಪ ನಾಯಕನು 1652ರಿಂದ 1654ರೊಳಗೆ ಈ ಕರಾವಳಿಯ ಕೋಟೆಗಳಿಂದ ಪೋರ್ಚುಗೀಸರನ್ನು ಹೊರಡಿಸಿದ ಕಥೆಯನ್ನು ನಾವು ಆರಂಭಿಸಿದೆವು. ಮನೆಯವರು ಕೇಳುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದಿದ್ದರು. ಹುಣ್ಣಿಮೆಯ ಮರುದಿನದ ಉಬ್ಬರ. ಮೊಳಕಾಲು ಮುಟ್ಟುತ್ತಿದ್ದ ನೀರು ಒಮ್ಮೆಲೆ ಎದೆಯವರೆಗೆ ಎದ್ದು ಅವರನ್ನು ಕುಳ್ಳಿರಿಸಿಬಿಟ್ಟಿತು. ಓಡಿಹೋಗಿ ಕೈ ಹಿಡಿದೆವು. ಎದ್ದು ನಿಂತವರು ಕೊರಳು ಮುಟ್ಟಿ ನೋಡಿಕೊಂಡರು. ಶಿವದಾರ ಹರಿದಿತ್ತು. ಕರಡಿಗೆ ಇರಲಿಲ್ಲ.

ಆ ಕ್ಷಣವನ್ನು ಹೇಗೆ ಬರೆಯೋಣ? ಲಿಂಗವು ಅಂಗದಿಂದ ಅಗಲಿದರೆ ಪ್ರಾಣವನ್ನೇ ಬಿಡಲು ಮುಂದಾದ ಭಕ್ತರ ಕಥೆಗಳು ನಮ್ಮ ಪುರಾಣಗಳಲ್ಲಿವೆ. ಇನ್ನೊಂದು ಕಡೆ ನುಲಿಯ ಚಂದಯ್ಯನಿದ್ದಾನೆ. ಹಗ್ಗಕ್ಕೆಂದು ಹುಲ್ಲು ಕೊಯ್ಯುವಾಗ ಲಿಂಗ ನೀರಿಗೆ ಬಿದ್ದರೂ ಕಾಯಕ ಬಿಟ್ಟು ತಿರುಗಿ ನೋಡದವನು. ಕೊನೆಗೆ ಆ ಲಿಂಗಕ್ಕೇ ಹಗ್ಗ ಮಾರುವ ಕಾಯಕ ಹಚ್ಚಿದವನು. ನಮ್ಮ ತುಮಕೂರಿನ ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರ 'ಶೂನ್ಯಸಂಪಾದನೆ'ಯಲ್ಲಿ ಆ ಪ್ರಸಂಗವಿದೆ. ಅದನ್ನು ನಾವು ಸಭೆಗಳಲ್ಲಿ ನಗುನಗುತ್ತ ಹೇಳಿದ್ದೇವೆ. ಅಂದು ನಮ್ಮ ಬಾಯಿ ಒಣಗಿತ್ತು, ಕಾಲು ನಡುಗುತ್ತಿತ್ತು.

ಅಲೆ ಹಿಂದೆ ಸರಿಯಿತು. ಮನೆಯವರು ಬಗ್ಗಿ ಎರಡೂ ಕೈಗಳಿಂದ ಮರಳು ಬಾಚಿದರು. ಸೀರೆಯ ನೆರಿಗೆಯಲ್ಲಿ ಸಿಕ್ಕಿಕೊಂಡಿದ್ದ ಬೆಳ್ಳಿಯ ಕರಡಿಗೆ ಆಗ ಅವರ ಪಾದದ ಮೇಲೆ ಬಿತ್ತು. ಅದನ್ನೆತ್ತಿ ಕಣ್ಣಿಗೊತ್ತಿಕೊಂಡು ದಡಕ್ಕೆ ಬಂದು, ತಂಬಿಗೆಯಲ್ಲಿದ್ದ ಸಿದ್ಧಗಂಗೆಯ ನೀರಿನಿಂದ ಲಿಂಗವನ್ನು ತೊಳೆದು, ವಸ್ತ್ರದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡರು. ಅವರ ಮುಖದಲ್ಲಿ ಗಾಬರಿಯಿರಲಿಲ್ಲ. "ಲಿಂಗ ಎಲ್ಲಿಗೂ ಹೋಗಿರಲಿಲ್ಲ. ದಾರ ಹಳೆಯದಾಗಿತ್ತು, ಅಷ್ಟೆ" ಎಂದರು. ಹೊಸ ಶಿವದಾರ ತರಲು ನವರಾತ್ರಿಗೆ ಮೊದಲೇ ಎರಡು ಸಲ ನಮಗೆ ಹೇಳಿದ್ದರು. ಸಿದ್ಧಗಂಗೆಗೆ ಮೂರು ಬಾರಿ ಹೋಗಿಬಂದರೂ ನಾವು ಮರೆತಿದ್ದೆವು. ಅದನ್ನು ಅವರು ಎತ್ತಿ ಆಡಲಿಲ್ಲ. ಪ್ರವಾಸ ಹೊರಡುವ ವಾಚಕರು ಟೈರು ನೋಡಿಕೊಳ್ಳುವಂತೆ ಶಿವದಾರವನ್ನೂ ನೋಡಿಕೊಳ್ಳಲೆಂದು ಇಷ್ಟು ಬರೆದೆವು.

ಕರಾವಳಿಯಲ್ಲಿ ದಕ್ಷಿಣಕ್ಕೆ ನಡೆದು, ಕೊಲ್ಲೂರಿನ ಘಟ್ಟವೇರಿ ನಗರ ತಲುಪಿದೆವು. ಇದೇ ಬಿದನೂರು. 1763ರಲ್ಲಿ ಹೈದರಾಲಿಯ ವಶವಾಗಿ ಹೈದರನಗರವೆನಿಸಿ, ಈಗ ಬರಿಯ ನಗರವಾಗಿ ಉಳಿದಿದೆ. ಕೋಟೆಯ ಕಲ್ಲುಗಳ ಮೇಲೆ ಹುಲ್ಲು ಬೆಳೆದಿತ್ತು. ದೇವಗಂಗೆಯ ಕೊಳಗಳಲ್ಲಿ ನೀರು ತಿಳಿಯಾಗಿತ್ತು. ಮನೆಯವರು ಒಂದು ಮೆಟ್ಟಿಲ ಮೇಲೆ ಕುಳಿತು, "ಈಗ ಹೇಳಿ ಚೆನ್ನಮ್ಮಾಜಿಯ ಕಥೆ" ಎಂದರು. ಕೇಳುವವರು ಅವರೊಬ್ಬರೇ. ಮೊದಲಿನಿಂದ ಕೊನೆಯವರೆಗೆ ಹೇಳಿದೆವು. ಆಕೆಯ ದತ್ತುಪುತ್ರ ಬಸವಪ್ಪ ನಾಯಕನು 'ಶಿವತತ್ತ್ವರತ್ನಾಕರ'ವನ್ನು ರಚಿಸಿದುದನ್ನೂ ಸೇರಿಸಿ. ನಡುವೆ ಎರಡು ಕಡೆ ತಡೆದು ಪ್ರಶ್ನೆ ಕೇಳಿದರು. ಒಂದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ತೀರ್ಥಹಳ್ಳಿ, ಚಿಕ್ಕಮಗಳೂರು, ಹಾಸನಗಳ ಮೇಲೆ ಹಿಂದಿರುಗಿ, ಐದನೆಯ ದಿನ ಸಂಜೆ ಯಡಿಯೂರು ಸೇರಿದೆವು. ಏಳುನೂರೊಂದು ವಿರಕ್ತರೊಡನೆ ನಾಡೆಲ್ಲ ಸಂಚರಿಸಿ, ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕುಳಿತು 'ತೋಂಟದ' ಎಂಬ ಹೆಸರು ಪಡೆದ ಸಿದ್ಧಲಿಂಗಯತಿಗಳು ನೆಲೆಗೊಂಡ ಗದ್ದುಗೆ. ಗುಡಿಯ ಮುಂದಿನ ಅಂಗಡಿಯಲ್ಲಿ ಎರಡು ಶಿವದಾರಗಳನ್ನು ಕೊಂಡು, ಒಂದನ್ನು ಗದ್ದುಗೆಗೆ ಮುಟ್ಟಿಸಿ, ನಾವೇ ಕೈಯಾರೆ ಅವರ ಕರಡಿಗೆಗೆ ಪೋಣಿಸಿ ಕೊಟ್ಟೆವು. ಇನ್ನೊಂದು ನಮ್ಮದಕ್ಕೆ.

ಕುಣಿಗಲ್ ಕೆರೆಯ ಬಳಿ ಬರುವಾಗ ಕತ್ತಲಾಗಿತ್ತು. ತುಮಕೂರಿನ ರಸ್ತೆಗೆ ತಿರುಗಿಸುತ್ತಿದ್ದಂತೆ ಮನೆಯವರು ಕೇಳಿದರು: "ಬರುವ ಶ್ರಾವಣದಲ್ಲಿ ಚೆನ್ನಮ್ಮಾಜಿ ಎಲ್ಲಿ ಪಟ್ಟವೇರುತ್ತಾರೆ?"

"ಬಿದನೂರಿನಲ್ಲಿ" ಎಂದೆವು. "ನೀನು ಮುಂದಿನ ಸಾಲಿನಲ್ಲಿ ಬಂದು ಕುಳಿತುಕೋ."