ಶನಿವಾರ ಸಂಜೆ ಐದು ಗಂಟೆಯ ಫಲಿತಾಂಶ

ಇಂಗ್ಲೆಂಡಿನ ಫುಟ್‌ಬಾಲ್ ಎಂದರೆ ನಮ್ಮಲ್ಲಿ ಬಹುತೇಕರಿಗೆ ಪ್ರೀಮಿಯರ್ ಲೀಗ್‌ನ 20 ಕ್ಲಬ್‌ಗಳು. ಅವು ಒಂದು ದೊಡ್ಡ ವ್ಯವಸ್ಥೆಯ ತುದಿ ಮಾತ್ರ. ಅವುಗಳ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ ಎಂಬ ಮೂರು ವಿಭಾಗಗಳಿದ್ದು, ಒಂದೊಂದರಲ್ಲೂ 24 ಕ್ಲಬ್‌ಗಳು ಆಡುತ್ತವೆ. ಐದನೆಯ ಹಂತ ನ್ಯಾಷನಲ್ ಲೀಗ್. ಆರನೆಯ ಹಂತದಲ್ಲಿ ಲೀಗು ಉತ್ತರ, ದಕ್ಷಿಣ ಎಂದು ಎರಡಾಗುತ್ತದೆ; ಏಳರಲ್ಲಿ ನಾಲ್ಕಾಗುತ್ತದೆ, ಎಂಟರಲ್ಲಿ ಎಂಟಾಗುತ್ತದೆ. ಅಲ್ಲಿಂದ ಕೆಳಗೆ ಜಿಲ್ಲೆ, ಪಟ್ಟಣ, ಹಳ್ಳಿಗಳ ಲೀಗ್‌ಗಳು. ಗೆದ್ದವರು ಮೇಲಕ್ಕೆ, ಸೋತವರು ಕೆಳಕ್ಕೆ ಎಂಬ ಒಂದೇ ನಿಯಮ ಇಷ್ಟನ್ನೂ ಒಟ್ಟಿಗೆ ಕಟ್ಟಿಹಾಕಿದೆ. ಆದ್ದರಿಂದಲೇ ಅಲ್ಲಿ ಫುಟ್‌ಬಾಲ್ ಸುದ್ದಿಯನ್ನು ಸರಿಯಾಗಿ ಹಿಂಬಾಲಿಸುವವರು ಅಂಕಪಟ್ಟಿಯನ್ನು ಮೇಲಿನಿಂದ ಮಾತ್ರ ಓದುವುದಿಲ್ಲ.

ಮೇಲಕ್ಕೆ ಏರುವ ಬಾಗಿಲು ಮೊದಲಿನಿಂದಲೂ ತೆರೆದೇ ಇತ್ತು ಎನ್ನುವಂತಿಲ್ಲ. 1888ರಲ್ಲಿ 12 ಕ್ಲಬ್‌ಗಳು ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದವು. ಮುಂದೆ ಅದು ನಾಲ್ಕು ವಿಭಾಗಗಳಿಗೆ ಬೆಳೆಯಿತು. ಆದರೆ ಲೀಗಿನ ಒಳಗಿರುವವರು ಯಾರು, ಹೊರಗಿರುವವರು ಯಾರು ಎಂಬುದನ್ನು ದಶಕಗಳ ಕಾಲ ತೀರ್ಮಾನಿಸಿದ್ದು ಸದಸ್ಯ ಕ್ಲಬ್‌ಗಳ ಮತದಾನ. ಕೊನೆಯ ಸ್ಥಾನಗಳಲ್ಲಿ ಉಳಿದವರು ಮರು ಆಯ್ಕೆಗೆ ಅರ್ಜಿ ಹಾಕುತ್ತಿದ್ದರು. ಹಳೆಯ ಸ್ನೇಹಿತರನ್ನು ಹೊರಗೆ ಕಳಿಸಲು ಉಳಿದವರಿಗೆ ಮನಸ್ಸು ಬರುತ್ತಿದ್ದುದು ಅಪರೂಪ. ಮೈದಾನದ ಫಲಿತಾಂಶವೇ ಅಂತಿಮ ಎಂದಾದದ್ದು 1986–87ರ ಋತುವಿನಲ್ಲಿ. ಆ ವರ್ಷ ಸ್ಕಾರ್ಬರೊ ಒಳಗೆ ಬಂತು, ಲಿಂಕನ್ ಸಿಟಿ ಹೊರಗೆ ಹೋಯಿತು. ಅಂದಿನಿಂದ ಕೆಳಗಿನ ಲೀಗುಗಳ ಸುದ್ದಿಗೆ ಹೊಸ ತೂಕ ಬಂತು.

ಈ ವ್ಯವಸ್ಥೆ ಏನು ಮಾಡಬಲ್ಲದು ಎಂಬುದಕ್ಕೆ ಲೂಟನ್ ಟೌನ್ ಕ್ಲಬ್ಬಿನ ಕತೆ ಸಾಕು. ಹಣಕಾಸಿನ ಅವ್ಯವಹಾರಗಳ ಕಾರಣಕ್ಕೆ 2008–09ರಲ್ಲಿ ಅದು 30 ಅಂಕಗಳ ಕಡಿತದೊಂದಿಗೆ ಋತು ಆರಂಭಿಸಬೇಕಾಯಿತು. ಅಂದರೆ ಹತ್ತು ಪಂದ್ಯ ಗೆದ್ದರೂ ಖಾತೆ ಸೊನ್ನೆ. ಕ್ಲಬ್ ನಾಲ್ಕನೆಯ ಹಂತದಿಂದಲೂ ಜಾರಿ ಐದನೆಯದಕ್ಕೆ ಬಿತ್ತು. ಐದು ವರ್ಷ ಅಲ್ಲೇ ಉಳಿಯಿತು. ದೊಡ್ಡ ಪತ್ರಿಕೆಗಳ ಪುಟಗಳಲ್ಲಿ ಲೂಟನ್ನಿನ ಹೆಸರು ಹುಡುಕಬೇಕಾಗಿದ್ದ ಕಾಲ ಅದು. 2014ರಲ್ಲಿ ಅದು ಮತ್ತೆ ಲೀಗ್ ಟೂ ತಲುಪಿತು. 2018ರಲ್ಲಿ ಲೀಗ್ ಒನ್, 2019ರಲ್ಲಿ ಚಾಂಪಿಯನ್‌ಶಿಪ್. 2023ರ ಮೇ 27ರಂದು ವೆಂಬ್ಲಿಯಲ್ಲಿ ಕೊವೆಂಟ್ರಿ ತಂಡವನ್ನು ಪೆನಾಲ್ಟಿ ಶೂಟೌಟ್‌ನಲ್ಲಿ 6–5ರಿಂದ ಸೋಲಿಸಿ ಪ್ರೀಮಿಯರ್ ಲೀಗ್ ಸೇರಿತು. ಐದನೆಯ ಹಂತದ ದಿನಗಳಲ್ಲಿ ಕ್ಲಬ್ ಸೇರಿದ್ದ ಪೆಲ್ಲಿ ರಡಕ್ ಎಂಪಾಂಜು ಎಂಬ ಆಟಗಾರ ಆ ಪಂದ್ಯದಲ್ಲೂ ಅದೇ ಅಂಗಿ ತೊಟ್ಟು ಆಡಿದ. ಒಂದೇ ಕ್ಲಬ್ಬಿನೊಂದಿಗೆ ಐದನೆಯ ಹಂತದಿಂದ ಪ್ರೀಮಿಯರ್ ಲೀಗ್‌ವರೆಗೆ ಏರಿದ ಮೊದಲ ಆಟಗಾರನೆಂಬ ಹೆಸರು ಅವನದು. ಲೂಟನ್ ಮರುವರ್ಷವೇ ಕೆಳಗಿಳಿಯಿತು, 2025ರಲ್ಲಿ ಇನ್ನೊಂದು ಹಂತ ಕೆಳಗೆ ಹೋಯಿತು. 2023ರಲ್ಲಿ ಮೊದಲ ಬಾರಿ ಲೂಟನ್ ಹೆಸರು ಕೇಳಿದವರಿಗೆ ಅದು ಎಲ್ಲಿಂದಲೋ ಬಂದ ತಂಡ. ಕೆಳಗಿನ ಫಲಿತಾಂಶಗಳನ್ನು ವರ್ಷಗಟ್ಟಲೆ ಓದುತ್ತಿದ್ದವರಿಗೆ ಮಾತ್ರ ಆ ಸಂಜೆಯ ಪೂರ್ತಿ ಬೆಲೆ ಗೊತ್ತಿತ್ತು.

ಲೀಗುಗಳು ಹಂತಗಳನ್ನು ಬೇರೆಬೇರೆಯಾಗಿ ಇಟ್ಟರೆ, 1871ರಲ್ಲಿ ಶುರುವಾದ ಎಫ್‌ಎ ಕಪ್ ಅವನ್ನು ಒಂದೇ ಮೈದಾನಕ್ಕೆ ತರುತ್ತದೆ. ಇಂದು 700ಕ್ಕೂ ಹೆಚ್ಚು ಕ್ಲಬ್‌ಗಳು ಇದರಲ್ಲಿ ಆಡುತ್ತವೆ. ಸಣ್ಣ ಕ್ಲಬ್‌ಗಳಿಗೆ ಕಪ್ ಆಗಸ್ಟಿನಲ್ಲೇ ಆರಂಭ; ದೊಡ್ಡವರು ಬರುವುದು ಜನವರಿಯ ಮೂರನೆಯ ಸುತ್ತಿಗೆ. 1972ರ ಫೆಬ್ರವರಿಯಲ್ಲಿ ಲೀಗಿನ ಹೊರಗಿದ್ದ ಹೆರೆಫರ್ಡ್ ಯುನೈಟೆಡ್, ಅಂದು ಎಲ್ಲಕ್ಕೂ ಮೇಲಿದ್ದ ಮೊದಲ ವಿಭಾಗದ ನ್ಯೂಕಾಸಲ್ ತಂಡವನ್ನು 2–1ರಿಂದ ಸೋಲಿಸಿತು. ಕೆಸರು ತುಂಬಿದ ಮೈದಾನದಲ್ಲಿ ರಾನಿ ರ‍್ಯಾಡ್‌ಫರ್ಡ್ ದೂರದಿಂದ ಒದ್ದ ಗೋಲನ್ನು ಬ್ರಿಟಿಷ್ ಟಿವಿ ಇಂದಿಗೂ ತೋರಿಸುತ್ತಿದೆ. 2017ರಲ್ಲಿ ಐದನೆಯ ಹಂತದ ಲಿಂಕನ್ ಸಿಟಿ, ಪ್ರೀಮಿಯರ್ ಲೀಗ್‌ನ ಬರ್ನ್‌ಲಿಯನ್ನು ಅದರ ತವರಿನಲ್ಲೇ ಮಣಿಸಿ ಕ್ವಾರ್ಟರ್ ಫೈನಲ್ ಮುಟ್ಟಿತು.

ಇಷ್ಟೊಂದು ಪಂದ್ಯಗಳ ಫಲಿತಾಂಶ ಜನರಿಗೆ ತಲುಪುತ್ತಿದ್ದ ಬಗೆಗೇ ಒಂದು ಇತಿಹಾಸವಿದೆ. 19ನೆಯ ಶತಮಾನದ ಕೊನೆಯಲ್ಲಿ ತಂತಿ ಸಂದೇಶ ಮುಖ್ಯ ದಾರಿ. ಮೈದಾನದಿಂದ ಪತ್ರಿಕಾ ಕಚೇರಿಗೆ ಪಾರಿವಾಳಗಳ ಮೂಲಕ ವರದಿ ಕಳಿಸಿದ್ದೂ ಉಂಟು. ಶನಿವಾರ ಸಂಜೆಗೆಂದೇ ಕೈಗಾರಿಕಾ ನಗರಗಳಲ್ಲಿ ಕ್ರೀಡಾ ಪತ್ರಿಕೆಗಳು ಹೊರಡುತ್ತಿದ್ದವು. ಸಾಮಾನ್ಯ ಪತ್ರಿಕೆಯಿಂದ ಬೇರೆಯಾಗಿ ಕಾಣಲೆಂದು ಅವನ್ನು ಗುಲಾಬಿ ಅಥವಾ ಹಸಿರು ಕಾಗದದಲ್ಲಿ ಅಚ್ಚು ಹಾಕುತ್ತಿದ್ದರು. ಶೆಫೀಲ್ಡಿನ ‘ಗ್ರೀನ್ ಅನ್’ ಇವುಗಳಲ್ಲಿ ಹೆಸರಾದದ್ದು. ವರದಿಗಾರ ಆಟ ನಡೆಯುತ್ತಿರುವಾಗಲೇ ಒಂದೊಂದು ಪ್ಯಾರಾವನ್ನು ಫೋನಿನಲ್ಲಿ ಹೇಳುತ್ತಿದ್ದ. ಕಚೇರಿಯಲ್ಲಿ ಅದು ಆಗಿಂದಾಗಲೇ ಮೊಳೆ ಜೋಡಣೆಗೆ ಹೋಗುತ್ತಿತ್ತು. ಹಾಗಾಗಿ ಮೊದಲಾರ್ಧದ ವಿವರ ಉದ್ದವಾಗಿಯೂ ಕೊನೆಯ ಹತ್ತು ನಿಮಿಷ ಒಂದೇ ಸಾಲಿನಲ್ಲಿಯೂ ಇರುತ್ತಿತ್ತು. ಪ್ರೇಕ್ಷಕರು ಮನೆ ತಲುಪಿ ಸ್ವಲ್ಪ ಹೊತ್ತಿಗೆಲ್ಲ ಪತ್ರಿಕೆ ಬೀದಿಯ ಮೂಲೆಯಲ್ಲಿ ಮಾರಾಟಕ್ಕೆ ಬರುತ್ತಿತ್ತು.

ರೇಡಿಯೊ ಬಂದ ಮೇಲೆ ಈ ವೇಗ ಇನ್ನೂ ಹೆಚ್ಚಿತು. 1927ರ ಜನವರಿ 22ರಂದು ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ನಡುವಣ ಪಂದ್ಯದ ವೀಕ್ಷಕ ವಿವರಣೆಯನ್ನು ಬಿಬಿಸಿ ನೇರವಾಗಿ ಬಿತ್ತರಿಸಿತು. ಮೈದಾನವನ್ನು ಎಂಟು ಚೌಕಗಳಾಗಿ ವಿಂಗಡಿಸಿದ ಚಿತ್ರವನ್ನು ಮೊದಲೇ ಪ್ರಕಟಿಸಲಾಗಿತ್ತು. ಚೆಂಡು ಯಾವ ಚೌಕದಲ್ಲಿದೆ ಎಂದು ಎರಡನೆಯ ದನಿಯೊಂದು ಹೇಳುತ್ತಿತ್ತು. 1948ರ ಜನವರಿಯಲ್ಲಿ ‘ಸ್ಪೋರ್ಟ್ಸ್ ರಿಪೋರ್ಟ್’ ಕಾರ್ಯಕ್ರಮ ಆರಂಭವಾಯಿತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಎಲ್ಲ ವಿಭಾಗಗಳ ಫಲಿತಾಂಶಗಳನ್ನು ಒಂದಾದ ಮೇಲೊಂದರಂತೆ ಓದುವುದು ಅದರ ಜೀವಾಳವಾಯಿತು.

1974ರಿಂದ 2013ರವರೆಗೆ ಈ ಪಟ್ಟಿಯನ್ನು ಓದಿದವರು ಜೇಮ್ಸ್ ಅಲೆಕ್ಸಾಂಡರ್ ಗಾರ್ಡನ್. ಅವರ ಓದಿನಲ್ಲಿ ಒಂದು ಲಕ್ಷಣವಿತ್ತು. ತವರಿನ ತಂಡ ಗೆದ್ದಿದ್ದರೆ ಎರಡನೆಯ ತಂಡದ ಹೆಸರು ಹೇಳುವಾಗ ದನಿ ಇಳಿಯುತ್ತಿತ್ತು. ಪ್ರವಾಸಿ ತಂಡ ಗೆದ್ದಿದ್ದರೆ ದನಿ ಏರುತ್ತಿತ್ತು. ಡ್ರಾ ಆಗಿದ್ದರೆ ಎರಡೂ ಹೆಸರುಗಳು ಸಮನಾಗಿ ಬರುತ್ತಿದ್ದವು. ಎರಡನೆಯ ಅಂಕಿ ಕೇಳುವ ಮೊದಲೇ ಕೇಳುಗರಿಗೆ ಫಲಿತಾಂಶ ತಿಳಿದುಬಿಡುತ್ತಿತ್ತು. ಮ್ಯಾಂಚೆಸ್ಟರ್ ಯುನೈಟೆಡ್ ಆಗಲಿ, ಸ್ಕಾಟ್ಲೆಂಡಿನ ತಳದ ವಿಭಾಗದ ಕ್ಲಬ್ಬಾಗಲಿ, ಅವರ ದನಿಯಲ್ಲಿ ಸಿಗುತ್ತಿದ್ದ ಮರ್ಯಾದೆ ಒಂದೇ. 2022ರಲ್ಲಿ ಬಿಬಿಸಿ ಈ ಓದನ್ನು ಕೈಬಿಟ್ಟಾಗ ಕೇಳುಗರು ಬಲವಾಗಿ ಪ್ರತಿಭಟಿಸಿದರು. ಕೆಲವೇ ವಾರಗಳಲ್ಲಿ ಅದನ್ನು ಮರಳಿ ತರಬೇಕಾಯಿತು.

ನಾಲ್ಕನೆಯ ವಿಭಾಗದ ಡ್ರಾ ಪಂದ್ಯದಲ್ಲಿ ಇಡೀ ದೇಶಕ್ಕೆ ಏನು ಆಸಕ್ತಿ? ಒಂದು ಕಾರಣ ಫುಟ್‌ಬಾಲ್ ಪೂಲ್ಸ್ ಎಂಬ ಪಂತ. 1923ರಲ್ಲಿ ಲಿವರ್‌ಪೂಲ್‌ನಲ್ಲಿ ಜಾನ್ ಮೂರ್ಸ್ ಮತ್ತು ಅವರ ಗೆಳೆಯರು ಲಿಟಲ್‌ವುಡ್ಸ್ ಪೂಲ್ಸ್ ಆರಂಭಿಸಿದರು. ಜನ ವಾರವಾರ ಕೂಪನ್ ತುಂಬಿ, ಡ್ರಾ ಆಗುವ ಪಂದ್ಯಗಳನ್ನು ಊಹಿಸಿ, ಸಣ್ಣ ಮೊತ್ತ ಕಟ್ಟುತ್ತಿದ್ದರು. ಕೂಪನ್ನಿನಲ್ಲಿ ದೊಡ್ಡ ಕ್ಲಬ್ಬು, ಸಣ್ಣ ಕ್ಲಬ್ಬು ಎಂಬ ಭೇದವಿರಲಿಲ್ಲ. ಬ್ರಿಟನ್ನಿನಲ್ಲಿ ಬೇಸಿಗೆ ಬಂದು ಆಟ ನಿಂತರೆ ಆಸ್ಟ್ರೇಲಿಯಾದ ಪಂದ್ಯಗಳು ಅದರೊಳಗೆ ಬರುತ್ತಿದ್ದವು. ಹಾಗಾಗಿ ಫುಟ್‌ಬಾಲ್ ನೋಡದ ಮನೆಗಳಲ್ಲೂ ಅಕ್ರಿಂಗ್‌ಟನ್, ಫಾರ್ಫರ್‌ನಂಥ ಸಣ್ಣ ಕ್ಲಬ್ಬುಗಳ ಹೆಸರುಗಳು ಬಾಯಿಪಾಠವಾಗಿದ್ದವು. 1963ರ ಭೀಕರ ಚಳಿಗೆ ಮೈದಾನಗಳೆಲ್ಲ ಹೆಪ್ಪುಗಟ್ಟಿದಾಗ, ಎಫ್‌ಎ ಕಪ್‌ನ ಮೂರನೆಯ ಸುತ್ತು ಮುಗಿಯಲು 66 ದಿನ ಹಿಡಿಯಿತು. ಪೂಲ್ಸ್ ನಡೆಯಲೇಬೇಕಲ್ಲ, ತಜ್ಞರ ಸಮಿತಿಯೊಂದು ಕುಳಿತು, ನಡೆಯದ ಪಂದ್ಯಗಳಿಗೂ ಫಲಿತಾಂಶ ಘೋಷಿಸಿತು. 1994ರಲ್ಲಿ ರಾಷ್ಟ್ರೀಯ ಲಾಟರಿ ಬಂದ ಮೇಲೆ ಪೂಲ್ಸ್ ಸೊರಗಿತು.

ಟಿವಿಯಲ್ಲಿ 1958ರಿಂದ ‘ಗ್ರ್ಯಾಂಡ್‌ಸ್ಟ್ಯಾಂಡ್’ ಕಾರ್ಯಕ್ರಮ ಟೆಲಿಪ್ರಿಂಟರ್‌ನಲ್ಲಿ ಅಕ್ಷರ ಅಕ್ಷರವಾಗಿ ಮೂಡುವ ಫಲಿತಾಂಶಗಳನ್ನು ತೋರಿಸಿತು. ಒಂದು ತಂಡ ಏಳು ಗೋಲು ಹೊಡೆದರೆ ಅಂಕಿಯ ಪಕ್ಕದಲ್ಲಿ ಅಕ್ಷರದಲ್ಲೂ ‘ಏಳು’ ಎಂದು ಬರೆಯುವ ಪದ್ಧತಿ ಇತ್ತು, ಅದು ಅಚ್ಚಿನ ತಪ್ಪಲ್ಲ ಎಂದು ನೋಡುಗರಿಗೆ ಖಾತ್ರಿಯಾಗಲೆಂದು. 1974ರಲ್ಲಿ ಬಂದ ಸೀಫ್ಯಾಕ್ಸ್ ಎಂಬ ಪಠ್ಯ ಸೇವೆಯಲ್ಲಿ 302ನೆಯ ಪುಟ ಫುಟ್‌ಬಾಲಿನದು. ತಮ್ಮ ತಂಡದ ವಿಭಾಗದ ಪುಟ ತಿರುಗಿ ಬರುವವರೆಗೆ ಜನ ಪರದೆಯ ಮುಂದೆ ಕಾದು ಕೂರುತ್ತಿದ್ದರು. 2012ರಲ್ಲಿ ಆ ಸೇವೆ ನಿಂತಿತು.

ಇಂದು ಫೋನಿನಲ್ಲೇ ಎಲ್ಲ ಸಿಗುತ್ತದೆ. ಆದರೂ ಬ್ರಿಟನ್ನಿನಲ್ಲಿ ಶನಿವಾರ ಮಧ್ಯಾಹ್ನ ಪಂದ್ಯ ನೋಡುವುದಕ್ಕಿಂತ ಸ್ಕೋರು ಹಿಂಬಾಲಿಸುವುದೇ ಹೆಚ್ಚು. 1960ರ ದಶಕದಲ್ಲಿ ಬರ್ನ್‌ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಒಂದು ವಾದ ಮುಂದಿಟ್ಟರು: ದೊಡ್ಡ ಪಂದ್ಯ ಟಿವಿಯಲ್ಲಿ ಬಂದರೆ ಸಣ್ಣ ಕ್ಲಬ್‌ಗಳ ಮೈದಾನಕ್ಕೆ ಯಾರೂ ಬರುವುದಿಲ್ಲ. ಅದರಿಂದಾಗಿ ಶನಿವಾರ 2.45ರಿಂದ 5.15ರವರೆಗೆ ಅಲ್ಲಿ ನೇರ ಪ್ರಸಾರಕ್ಕೆ ಈಗಲೂ ನಿರ್ಬಂಧವಿದೆ. ಬ್ರಿಟನ್ನಿನ ಟಿವಿಯಲ್ಲಿ ಸಿಗದ, ಮೂರು ಗಂಟೆಗೆ ಶುರುವಾಗುವ ಪಂದ್ಯ ಭಾರತದಲ್ಲಿ ನೇರವಾಗಿ ಸಿಗುವುದು ಈ ಕಾರಣಕ್ಕೆ. ಕೆಳಗಿನ ಕ್ಲಬ್‌ಗಳು ಉಳಿದಿರುವುದರಲ್ಲಿ ಈ ನಿಯಮದ ಪಾಲೂ ಇದೆ ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಅಂಕಪಟ್ಟಿ ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಗೆಲುವಿಗೆ ಮೂರು ಅಂಕ ಎಂಬುದು ಇಂಗ್ಲೆಂಡಿನಲ್ಲಿ 1981ರಿಂದ ಬಂದ ನಿಯಮ. ಅದಕ್ಕೆ ಮೊದಲು ಎರಡೇ. ಅಂಕ ಸಮನಾದರೆ ಗೋಲು ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. 2011–12ರಲ್ಲಿ ಮ್ಯಾಂಚೆಸ್ಟರ್‌ನ ಎರಡೂ ಕ್ಲಬ್‌ಗಳು 89 ಅಂಕ ಗಳಿಸಿದಾಗ ಸಿಟಿ ಚಾಂಪಿಯನ್ ಆದದ್ದು ಎಂಟು ಗೋಲುಗಳ ಮೇಲುಗೈಯಿಂದ. ಕೆಳಗಿನ ಲೀಗುಗಳಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಆಡಿದ ಪಂದ್ಯಗಳ ಕಾಲಂ. ಮಳೆ, ಹಿಮಗಳಿಂದ ಪಂದ್ಯಗಳು ಮುಂದಕ್ಕೆ ಹೋಗಿ, ಫೆಬ್ರವರಿಯಲ್ಲಿ ಆರನೆಯ ಸ್ಥಾನದಲ್ಲಿರುವ ತಂಡಕ್ಕೆ ಇನ್ನೂ ನಾಲ್ಕು ಪಂದ್ಯ ಬಾಕಿ ಇರಬಹುದು. ಆಗ ಅದರ ನಿಜವಾದ ಸ್ಥಾನವೇ ಬೇರೆ.

ಫಲಿತಾಂಶ ಹೇಳದ ಸಂಗತಿಗಳೂ ಇವೆ. 1885ರಲ್ಲಿ ಹುಟ್ಟಿ, ಎರಡು ಬಾರಿ ಎಫ್‌ಎ ಕಪ್ ಗೆದ್ದಿದ್ದ ಬರಿ ಕ್ಲಬ್ 2019ರಲ್ಲಿ ಬಡ್ತಿ ಪಡೆದು ಲೀಗ್ ಒನ್‌ಗೆ ಏರಿತ್ತು. ಅಂಕಪಟ್ಟಿಯಷ್ಟೇ ನೋಡಿದವರಿಗೆ ಅದೊಂದು ಗೆಲುವಿನ ಕತೆ. ಆದರೆ ಸಾಲದ ಹೊರೆಯಿಂದ ಅದರ ಮೊದಲ ಪಂದ್ಯಗಳು ಒಂದೊಂದಾಗಿ ಮುಂದೂಡಲ್ಪಟ್ಟು, ಆಗಸ್ಟ್ ಕೊನೆಯ ಹೊತ್ತಿಗೆ ಕ್ಲಬ್ಬನ್ನೇ ಲೀಗಿನಿಂದ ಹೊರಹಾಕಲಾಯಿತು. 2023ರಲ್ಲಿ ಅದು ಒಂಬತ್ತನೆಯ ಹಂತದಲ್ಲಿ ಹೊಸದಾಗಿ ಆಡತೊಡಗಿತು. ಇಂಥ ಸುದ್ದಿಯನ್ನು ಮೊದಲು ಬರೆಯುವವರು ಊರಿನ ಪತ್ರಿಕೆಯವರು, ಕ್ಲಬ್ಬಿನ ಲೆಕ್ಕಪತ್ರ ಕೂತು ಓದುವ ಅಭಿಮಾನಿಗಳು. ಸ್ಥಳೀಯ ಪತ್ರಿಕೆಗಳು ಸೊರಗಿದಷ್ಟೂ ಈ ಕೆಲಸ ಮಾಡುವವರು ಕಡಿಮೆಯಾಗುತ್ತಿದ್ದಾರೆ. ಏಳನೆಯ, ಎಂಟನೆಯ ಹಂತದಲ್ಲಿ ತಂಡದ ಪಟ್ಟಿ, ಗೋಲು, ಬದಲಿ ಆಟಗಾರರ ವಿವರವನ್ನು ಜಾಲತಾಣಕ್ಕೆ ಹಾಕುವುದು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು. 2016ರಲ್ಲಿ ಲೆಸ್ಟರ್ ಸಿಟಿಯೊಂದಿಗೆ ಪ್ರೀಮಿಯರ್ ಲೀಗ್ ಗೆದ್ದ ಜೇಮಿ ವಾರ್ಡಿ, ಅದಕ್ಕೆ ಏಳೆಂಟು ವರ್ಷ ಮೊದಲು ಎಂಟನೆಯ ಹಂತದ ಸ್ಟಾಕ್ಸ್‌ಬ್ರಿಜ್ ಪಾರ್ಕ್ ಸ್ಟೀಲ್ಸ್‌ನಲ್ಲಿ ಆಡುತ್ತಿದ್ದ. ಅಂದಿನ ಅವನ ಗೋಲುಗಳ ಸುದ್ದಿ ಸಿಗುತ್ತಿದ್ದುದು ಇಂಥ ವರದಿಗಳಲ್ಲೇ.

ವರದಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ಮಹಿಳಾ ಫುಟ್‌ಬಾಲ್ ಸಾಕ್ಷಿ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಡಿಕ್ ಕೆರ್ ಲೇಡೀಸ್ ತಂಡದ ಆಟ ನೋಡಲು ಸುಮಾರು 53,000 ಜನ ಸೇರಿದ್ದರು. ಮರುವರ್ಷವೇ ಫುಟ್‌ಬಾಲ್ ಸಂಸ್ಥೆ (ಎಫ್‌ಎ) ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರ ಪಂದ್ಯಗಳನ್ನು ನಿಷೇಧಿಸಿತು. ಸುಮಾರು ಅರ್ಧ ಶತಮಾನ ಆ ನಿಷೇಧ ಉಳಿಯಿತು. ಆಟ ಉದ್ಯಾನಗಳಲ್ಲಿ, ಸಣ್ಣ ಮೈದಾನಗಳಲ್ಲಿ ಮುಂದುವರಿದರೂ ದೊಡ್ಡ ಪತ್ರಿಕೆಗಳ ಫಲಿತಾಂಶದ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇದು ಆಕಸ್ಮಿಕವಲ್ಲ, ಅನ್ಯಾಯ.

ಕರ್ನಾಟಕದಲ್ಲಿ ಕುಳಿತು ಇಂಗ್ಲೆಂಡಿನ ಶನಿವಾರವನ್ನು ಹಿಂಬಾಲಿಸುವವರಿಗೆ ಮೂರು ಗಂಟೆಯ ಪಂದ್ಯಗಳು ಚಳಿಗಾಲದಲ್ಲಿ ರಾತ್ರಿ 8.30ಕ್ಕೆ, ಅಲ್ಲಿ ಗಡಿಯಾರ ಮುಂದಿಟ್ಟ ತಿಂಗಳುಗಳಲ್ಲಿ 7.30ಕ್ಕೆ ಶುರುವಾಗುತ್ತವೆ. ಪ್ರೀಮಿಯರ್ ಲೀಗ್ ಪುಟದಿಂದ ಎರಡು ಮೂರು ಪುಟ ಕೆಳಗೆ ಇಳಿದರೆ ಸಾಕು, ಈ ಪೂರ್ತಿ ಲೋಕ ಕಾಣಸಿಗುತ್ತದೆ. ಹಾಗೆ ಓದುವ ಅಭ್ಯಾಸ ಬಂದವರು ಅದನ್ನು ತಮ್ಮೂರಿನ ಆಟಕ್ಕೂ ತರಬೇಕು. ಬೆಂಗಳೂರು ಜಿಲ್ಲಾ ಲೀಗಿನ ಪಂದ್ಯಗಳು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹಲವು ವಿಭಾಗಗಳಲ್ಲಿ ನಡೆಯುತ್ತವೆ. ಅವುಗಳ ಫಲಿತಾಂಶ ಕನ್ನಡ ಪತ್ರಿಕೆಗಳಲ್ಲಿ ಬಂದರೂ ಒಂದೆರಡು ಸಾಲು. ಇಲ್ಲಿ ಸುದ್ದಿಗೆ ಕೊರತೆಯೇನಿಲ್ಲ: 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ನಂತರ ಕರ್ನಾಟಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಜಿಲ್ಲಾ ಲೀಗಿನ ಆ ಒಂದೆರಡು ಸಾಲುಗಳನ್ನು ಓದುವವರು ಹೆಚ್ಚಿದರೆ ಪತ್ರಿಕೆಗಳು ನಾಲ್ಕು ಸಾಲು ಕೊಟ್ಟಾವು.