ಆಯಿಲ್ ಪಂಪಿನ ಪರೀಕ್ಷೆ: ಉಗುರು ಮತ್ತು ಫೀಲರ್ ಗೇಜ್

ಅಂಬಾಸಿಡರ್ ಕಾರಿನ ಹಳೆಯ 1489 ಸಿ.ಸಿ. ಪೆಟ್ರೋಲ್ ಎಂಜಿನ್ನನ್ನು ಬಿಚ್ಚಿ ಮರುಜೋಡಿಸುವಾಗ ಆಯಿಲ್ ಪಂಪನ್ನು ತೊಳೆದಿಟ್ಟರಷ್ಟೇ ಸಾಲದು. ಸವೆದ ಪಂಪಿನಿಂದ ಎಣ್ಣೆಯ ಒತ್ತಡ ಕುಸಿದರೆ ಹೊಸದಾಗಿ ಕೂರಿಸಿದ ಬೇರಿಂಗುಗಳೂ ಸುಟ್ಟುಹೋಗುತ್ತವೆ. ಪಂಪಿನ ಮುಚ್ಚಳದ ಒಳಮೈಯಲ್ಲಿ ಉಗುರೆಳೆದು ಗೀರುಗಳನ್ನು ಪತ್ತೆಹಚ್ಚುವುದು ಗ್ಯಾರೇಜಿನ ಮೇಸ್ತ್ರಿಯಿಂದ ಶಿಷ್ಯನಿಗೆ ಕೈಯಿಂದ ಕೈಗೆ ದಾಟುವ ಅರಿವು. ಲಿಪಿಯ ಹಂಗಿಲ್ಲದ ಇಂಥ ಕಸುಬಿನ ಜ್ಞಾನವನ್ನು ಜಾನಪದ ಅಧ್ಯಯನವು ಗೌರವಿಸುವುದು ಯುಕ್ತವೇ. ವೈಭವೀಕರಿಸುವುದು ಮಾತ್ರ ಸಲ್ಲದು. ಒಳ ಮತ್ತು ಹೊರ ರೋಟರುಗಳ ಉಬ್ಬುಗಳ ನಡುವಿನ ಸಂದು 0.15 ಮಿ.ಮೀ. ಮೀರಿದೆಯೇ, ಹೊರ ರೋಟರಿಗೂ ಪಂಪಿನ ಒಡಲಿಗೂ ನಡುವಿನದು 0.25 ಮಿ.ಮೀ. ದಾಟಿದೆಯೇ ಎಂಬುದನ್ನು ಉಗುರು ತಿಳಿಸಲಾರದು. ಅದಕ್ಕೆ ಫೀಲರ್ ಗೇಜೇ ಬೇಕು. ಉಬ್ಬುಗಳು ಸವೆದಿದ್ದರೆ ರೋಟರುಗಳನ್ನು ಜೋಡಿಯಾಗಿಯೇ ಬದಲಾಯಿಸತಕ್ಕದ್ದು. ಕೂರಿಸುವ ಮುನ್ನ ಪಂಪಿನೊಳಗೆ ಎಣ್ಣೆ ತುಂಬಬೇಕು. ಒಣಪಂಪು ಮೊದಲ ಸುತ್ತುಗಳಲ್ಲಿ ಎಣ್ಣೆಯನ್ನು ಸರಿಯಾಗಿ ಎಳೆಯದು.